ಯೆಜ್ಡಿ ರೋಡ್‌ಸ್ಟರ್: ರೇಸಿಗೆ ಬಿಡಬಹುದೇನ್ರಿ?

ಹುಬ್ಬಳ್ಳಿ-ಧಾರವಾಡದ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ 2022ರ ಯೆಜ್ಡಿ ರೋಡ್‌ಸ್ಟರ್ ನೋಡಲು ಬರುವ ಹುಡುಗರು ಮೈಲೇಜ್ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ಅಣ್ಣಾರ, ಇದನ್ನ ರೇಸಿಗೆ ಬಿಡಬಹುದೇನ್ರಿ?" ಗಾಡಿ ಛಲೋ ಐತಿ, ರೇಸಿಂದಲ್ಲ. ಎಲ್ಲರೂ ಇಂಜಿನ್ನನ್ನೇ ದೂರುತ್ತಾರೆ, ಆದರೆ ಇಂಜಿನ್ ಅರ್ಧ ಕಾರಣ ಮಾತ್ರ. ಉಳಿದರ್ಧ ಟೈರಿನಲ್ಲೂ ಸೈಲೆನ್ಸರಿನಲ್ಲೂ ಇದೆ.

ಮೊದಲು ಇಂಜಿನ್ ಲೆಕ್ಕ. 334 ಸಿಸಿ, ಒಂದೇ ಸಿಲಿಂಡರ್, ಲಿಕ್ವಿಡ್ ಕೂಲ್ಡ್, ಆರು ಗೇರ್. 7,300 ಆರ್‌ಪಿಎಂನಲ್ಲಿ 29.7 ಪಿಎಸ್ ಶಕ್ತಿ, 6,500ರಲ್ಲಿ 29 ಎನ್‌ಎಂ ಎಳೆತ (ಟಾರ್ಕ್). ತೂಕ ಸುಮಾರು 184 ಕೆ.ಜಿ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಈ ಸಿಸಿಗೆ ಸಿಗುವ ಜಾಗ 301-400 ಸಿಸಿ ಪ್ರೊ-ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಗಾಡಿಯನ್ನೇ ಅಷ್ಟಿಷ್ಟು ಬದಲಿಸಿ ಓಡಿಸುವ ವರ್ಗ. ಅಲ್ಲಿ ಎದುರಿಗೆ ನಿಲ್ಲುವುದು ಕೆಟಿಎಂ ಆರ್‌ಸಿ 390: 43.5 ಪಿಎಸ್, 172 ಕೆ.ಜಿ. ಎರಡರ ಮೇಲೂ 70 ಕೆ.ಜಿ. ಸವಾರನನ್ನು ಕೂರಿಸಿ ಭಾಗಿಸಿದರೆ ಪ್ರತಿ 100 ಕೆ.ಜಿ.ಗೆ ಆರ್‌ಸಿಗೆ 18 ಪಿಎಸ್ ಸಿಗುತ್ತದೆ, ಯೆಜ್ಡಿಗೆ 12 ಕೂಡ ಇಲ್ಲ. ಏರ್ ಫಿಲ್ಟರ್ ಬದಲಿಸಿ, ಫ್ರೀ-ಫ್ಲೋ ಸೈಲೆನ್ಸರ್ ಹಾಕಿ ತುಂಬಿಕೊಳ್ಳುವ ಅಂತರ ಇದಲ್ಲ. ಇಸಿಯು (ಪೆಟ್ರೋಲ್ ಅಳತೆ ನೋಡುವ ಇಂಜಿನ್ ಕಂಪ್ಯೂಟರ್) ಮುಟ್ಟದೆ ಸೈಲೆನ್ಸರ್ ಮಾತ್ರ ಬದಲಿಸಿದರೆ ಸದ್ದು ಹೆಚ್ಚುತ್ತದೆ, ಮಿಕ್ಸ್ಚರ್ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಗಾಡಿ ಬಿಸಿಯಾಗುತ್ತದೆ. ಆ ದುಡ್ಡು ಬ್ರೇಕಿಗೆ ಹಾಕಿ.

ಇನ್ನು ಟೈರ್. ಮುಂದಿನದು 100/90-18, ಹಿಂದಿನದು 130/80-17. ರೇಸಿನ ಮೆತ್ತನೆಯ ರಬ್ಬರ್ ಬರುವುದು ಹೆಚ್ಚಾಗಿ 17 ಇಂಚಿನ ಅಳತೆಯಲ್ಲಿ, 110/70, 140/70, 150/60 ಹೀಗೆ. 18 ಇಂಚಿನ ಕಿರಿದಾದ ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ ಸಿಗುವುದು ರಸ್ತೆಯ ಟೈರುಗಳೇ. ಮುಂದಿನ ರಿಮ್ಮನ್ನೇ 17ಕ್ಕೆ ಬದಲಿಸಿದರೆ ಗಾಡಿಯ ಮೂಗು ಕೆಳಗಿಳಿದು ಸ್ಟೀರಿಂಗ್ ಕೋನ ಬದಲಾಗುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ಕೂಡ ಕಡಿಮೆಯಾಗುತ್ತದೆ. ಮೇಲಾಗಿ ಪ್ರೊ-ಸ್ಟಾಕ್ ಅನ್ನುವ ಹೆಸರೇ ಹೇಳುವಂತೆ ಅಲ್ಲಿ ಎಲ್ಲವನ್ನೂ ಬದಲಿಸಲು ಬಿಡುವುದಿಲ್ಲ.

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಅದೂ ಎರಡೂ ಬದಿಗೆ ಒಂದೊಂದು. ನೋಡಲು ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿಯ ಗತ್ತು ಬರುತ್ತದೆ ನಿಜ, ಆದರೆ ಗಾಡಿ ವಾಲಿಸಿದಾಗ ನೆಲದ ಕಡೆ ಎಡಕ್ಕೂ ಒಂದು, ಬಲಕ್ಕೂ ಒಂದು ಕೊಳವೆ. ಫುಟ್‌ಪೆಗ್ಗುಗಳೂ ಕ್ರೂಸರ್ ಥರ ತುಸು ಮುಂದಕ್ಕಿವೆ. ತಿರುವಿನಲ್ಲಿ ಮೊದಲು ಪೆಗ್ ಕೆರೆಯುತ್ತದೆ. ಅದನ್ನೇ ಎಚ್ಚರಿಕೆ ಅಂದುಕೊಳ್ಳಿ. ಪೆಗ್ ಮಡಚುತ್ತದೆ, ಅದರಾಚೆಗಿನ ಗಟ್ಟಿ ಭಾಗ ನೆಲಕ್ಕೆ ಒರಗಿದರೆ ಚಕ್ರ ಎದ್ದು ಗಾಡಿ ಜಾರುತ್ತದೆ.

ಯೆಜ್ಡಿ ಹುಟ್ಟಿದ ಜಾವಾ ಮನೆತನಕ್ಕೆ ರೇಸಿಂಗ್ ಗೊತ್ತಿಲ್ಲ ಅಂತಲ್ಲ. 1969ರಲ್ಲಿ ಯುಗೊಸ್ಲಾವಿಯಾದ ಒಪಾಟಿಯಾದಲ್ಲಿ ಸಿಲ್ವಿಯೊ ಗ್ರಾಸೆಟ್ಟಿ ಜಾವಾ ಮೇಲೆ 350 ಸಿಸಿ ಗ್ರ್ಯಾನ್ ಪ್ರಿ ಗೆದ್ದಿದ್ದ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿತು. ಹೆಸರಿಗೆ ಮರುಜೀವ ಕೊಟ್ಟ ಕ್ಲಾಸಿಕ್ ಲೆಜೆಂಡ್ಸ್ ಹಿಂದಿರುವುದು ಮಹೀಂದ್ರ. ಅದೇ ಮಹೀಂದ್ರ ಹೆಸರಿನ ಬೈಕಿನಲ್ಲಿ 2016ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ನಡೆದ ಮೋಟೊ3 (ವಿಶ್ವ ಚಾಂಪಿಯನ್‌ಶಿಪ್‌ನ ಸಣ್ಣ ಇಂಜಿನ್ ವರ್ಗ) ರೇಸನ್ನು ಫ್ರಾನ್ಸೆಸ್ಕೊ ಬನ್ಯಾಯಾ ಗೆದ್ದ. ಮರುವರ್ಷದ ಕೊನೆಗೆ ಕಂಪನಿ ಅಲ್ಲಿಂದ ಹೊರಬಂತು. ಆ ಅನುಭವದ ಒಂದು ಹನಿಯೂ ರೋಡ್‌ಸ್ಟರಿನ ಚಾಸಿಯಲ್ಲಿ ಕಾಣುವುದಿಲ್ಲ. ರಾಯಲ್ ಎನ್‌ಫೀಲ್ಡ್ ಇಲ್ಲಿ ಜಾಣತನ ತೋರಿಸಿತು. ಭಾರವಾದ ಗಾಡಿಯನ್ನು ಬೇರೆಯವರ ಎದುರು ನಿಲ್ಲಿಸದೆ, 2021ರಲ್ಲಿ ಕಾಂಟಿನೆಂಟಲ್ ಜಿಟಿ ಕಪ್ ಶುರು ಮಾಡಿ ಎಲ್ಲರಿಗೂ ಒಂದೇ ಥರದ ಬೈಕ್ ಕೊಟ್ಟಿತು. ಯೆಜ್ಡಿಗೂ ಇರುವ ದಾರಿ ಅದೊಂದೇ ಅಂತ ನಮ್ಮ ಅಭಿಪ್ರಾಯ.

ರಸ್ತೆಯ ಮಾತೇ ಬೇರೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆ ಮುಟ್ಟುವ ದಾರಿಗೆ ಇದು ಹೇಳಿ ಮಾಡಿಸಿದ ಗಾಡಿ. ಮೂರನೇ-ನಾಲ್ಕನೇ ಗೇರಿನಲ್ಲಿ ಎಳೆತ ಗಟ್ಟಿ, ಸ್ಲಿಪ್ಪರ್ ಕ್ಲಚ್ ಇರುವುದರಿಂದ ಇಳಿಜಾರಿನಲ್ಲಿ ಗೇರ್ ಇಳಿಸಿದರೆ ಹಿಂದಿನ ಚಕ್ರ ಕುಣಿಯುವುದಿಲ್ಲ. ಗದಗ ರಸ್ತೆಯ ನೇರದಲ್ಲಿ ಆರ್‌ಪಿಎಂ ಏರಿದಂತೆ ಪೆಗ್ಗಿಗೆ ನಡುಕ ಬರುತ್ತದೆ. ನೂರರ ಒಳಗೆ ಇದ್ದರೆ ಆರಾಮ. ಮಳೆಗಾಲದಲ್ಲಿ ಅಣ್ಣಿಗೇರಿ, ನವಲಗುಂದದ ಕಡೆ ಹೊಲದ ದಾರಿಗೆ ಇಳಿದರೆ ಎರಿ ಮಣ್ಣು ರೇಡಿಯೇಟರ್ ರೆಕ್ಕೆಗಳಲ್ಲಿ ಒಣಗಿ ಕೂರುತ್ತದೆ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ, ನೆನೆಸಿ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಇಷ್ಟಾದರೂ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸಲು ಬಿಡುವ ದಿನ) ಹೋಗೇ ಹೋಗುತ್ತೇವೆ ಅನ್ನುವವರಿಗೆ ಕೆಲಸದ ಪಟ್ಟಿ ಸಣ್ಣದು. ಬ್ರೇಕ್ ಫ್ಲೂಯಿಡ್ ಹೊಸದು ಹಾಕಿಸಿ: ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡಿದ್ದರೆ 155ಕ್ಕೇ ಕುದಿಯಬಹುದು. ಆಗ ಲಿವರ್ ಹಿಡಿಕೆಗೆ ತಾಗುವಷ್ಟು ಮೆತ್ತಗಾಗುತ್ತದೆ. ಮುಂದಿನ ಬ್ರೇಕಿಗೆ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ಹಾಕಿಸಿ. ಬ್ರೇಕ್ ಹಿಡಿದಾಗ ಮೂಗು ಮುಗ್ಗರಿಸುವುದನ್ನು ತಡೆಯಲು ಫೋರ್ಕ್ ಆಯಿಲ್ ದಪ್ಪ ಮಾಡಿಸುವುದು ಇಲ್ಲಿಯ ಚಾಳಿ. ಅದರಿಂದ ಮುಗ್ಗರಿಸುವುದು ನಿಧಾನವಾಗುತ್ತದೆ ಹೊರತು ಕಡಿಮೆಯಾಗುವುದಿಲ್ಲ, ಕಡಿಮೆ ಮಾಡುವುದು ಸ್ಪ್ರಿಂಗ್. ಚೈನ್ ಬಿಗಿ ಮಾಡಬೇಡಿ, ಹಿಂಬದಿ ಅದುಮಿದಾಗ ಅದು ತಾನೇ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಸಡಿಲಾಗಿ ಆಯಿಲ್ ಚೆಲ್ಲದಂತೆ ಡ್ರೇನ್ ಬೋಲ್ಟಿನ ತಲೆಗೆ 1.5 ಮಿ.ಮೀ. ತೂತು ಕೊರೆಸಿ 0.8 ಮಿ.ಮೀ. ಸ್ಟೀಲ್ ತಂತಿ ಕಟ್ಟಿ. ತಂತಿ ಎಳೆಯುವುದು ಬೋಲ್ಟ್ ಬಿಗಿಯಾಗುವ ದಿಕ್ಕಿಗೆ ಇರಬೇಕು. ಕೂಲಂಟ್ ಬದಲು ಡಿಸ್ಟಿಲ್ಡ್ ವಾಟರ್ ತುಂಬಿ, ಗ್ಲೈಕಾಲ್ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ. ಮರಳಿದ ಮೇಲೆ ಕೂಲಂಟ್ ವಾಪಸ್ ಹಾಕುವುದು ಮರೆತರೆ ಅಲ್ಯೂಮಿನಿಯಂ ಒಳಗಿಂದ ಕೊರೆಯುತ್ತದೆ. ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಸುತ್ತಿ. ಇದನ್ನೆಲ್ಲ ಬೈಪಾಸಿನಲ್ಲಿ ಪರೀಕ್ಷೆ ಮಾಡುವ ಹುಚ್ಚು ಬೇಡ.

ನಮ್ಮ ಕಡೆ ಟ್ರ್ಯಾಕ್ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಂಥ ಕಡೆ ಹೋಗಬೇಕು. ಪಿಕಪ್ಪಿನಲ್ಲಿ ಒಯ್ಯುವುದಾದರೆ ಹಗ್ಗವನ್ನು ಹ್ಯಾಂಡಲ್ ತುದಿಗೆ ಕಟ್ಟಬೇಡಿ, ಕೆಳಗಿನ ಟ್ರಿಪಲ್ ಕ್ಲ್ಯಾಂಪಿಗೆ (ಫೋರ್ಕಿನ ಎರಡೂ ಕೊಳವೆ ಹಿಡಿದಿರುವ ಲೋಹದ ತುಂಡು) ಕಟ್ಟಿ, ಫೋರ್ಕನ್ನು ಅರ್ಧದಷ್ಟು ಮಾತ್ರ ಅದುಮಿ. ರೈಲಿನ ಪಾರ್ಸೆಲ್ ಆದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ನೋಂದಣಿ ಪತ್ರದ (ಆರ್‌ಸಿ) ಜೆರಾಕ್ಸ್ ಇಟ್ಟುಕೊಂಡು ಹೋಗಿ, ಟ್ಯಾಂಕಿಗೂ ಎರಡೂ ಸೈಲೆನ್ಸರಿಗೂ ಗೋಣಿತಾಟು ದಪ್ಪಗೆ ಸುತ್ತಿಸಿ.