ಪ್ರೊಕ್‌ರನ್: ಮಂಡಿಯ ಕಂಪ್ಯೂಟರಿನಲ್ಲಿ ಒಂದು ವರ್ಷ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ನಾನೇ ಜಾವಾದಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಕಂಪ್ಯೂಟರ್ ಆನ್ ಆದ ಕೂಡಲೇ, ಯಾರೂ ಲಾಗಿನ್ ಆಗದಿದ್ದರೂ ಅದು ಓಡಬೇಕು. ಅದಕ್ಕೆ ಅಪಾಚೆ ಕಾಮನ್ಸ್ ಡೀಮನ್‌ನ ಪ್ರೊಕ್‌ರನ್ ಹಾಕಿದೆ. ಜಾವಾ ಪ್ರೋಗ್ರಾಮನ್ನು ವಿಂಡೋಸ್ ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ತಾನೇ ಓಡುವ ಪ್ರೋಗ್ರಾಂ, ಮಾಡಿಕೊಡುತ್ತದೆ, ದುಡ್ಡಿಲ್ಲ. ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ವಿಂಡೋಸ್ ಸರ್ವೀಸ್ ಕೂಡ ಇದರ ಮೇಲೇ ನಿಂತಿದೆ. ಒಂದು ವರ್ಷ ತಕರಾರಿಲ್ಲದೆ ಓಡಿತು.

ಹೋದ ತಿಂಗಳು ಬೆಳಿಗ್ಗೆ ಯಜಮಾನರ ಫೋನ್. “ನೋಡವ್ವಾ, ಲಾರಿ ನಿಂತದೆ, ಬಿಲ್ಲೇ ಬತ್ತಿಲ್ಲ.” ಹಿಂದಿನ ಸಂಜೆ ನಾನೇ ಬ್ಯಾಕಪ್‌ಗೆ ಎರಡನೇ ಡ್ರೈವ್ ಸೇರಿಸಿ ಬಂದಿದ್ದೆ. ಡಿ ಡ್ರೈವಿನ ಫೋಲ್ಡರ್, ಒಂದು ಸೆಮಿಕೋಲನ್, ಇ ಡ್ರೈವಿನ ಫೋಲ್ಡರ್, ಎಲ್ಲಾ ಸೇರಿ ಒಂದೇ ಆರ್ಗ್ಯುಮೆಂಟ್, ಅಂದರೆ ಶುರುವಾಗುವಾಗ ಪ್ರೋಗ್ರಾಮಿಗೆ ಕೊಡುವ ಒಂದು ಮಾಹಿತಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೆನ್ನಾಗೇ ಓಡಿತ್ತು. ಆದರೆ ಸರ್ವೀಸಿನ ಲಾಗ್‌ನಲ್ಲಿ ಬೇರೆಯೇ ಕಥೆ: ಬೇಕಾದ ಆರ್ಗ್ಯುಮೆಂಟ್ 2, ಬಂದದ್ದು 3.

ಸರ್ವೀಸ್ ಹಾಕುವ ಕಮಾಂಡ್‌ಗಳಿದ್ದ ಬ್ಯಾಚ್ ಫೈಲ್ ತಿದ್ದಿ ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಪ್ರೊಕ್‌ರನ್ ಸೆಟ್ಟಿಂಗ್ಸ್ ಎಲ್ಲಾ ವಿಂಡೋಸಿನ ಸೆಟ್ಟಿಂಗ್ಸ್ ಕಣಜವಾದ ರಿಜಿಸ್ಟ್ರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಪ್‌ಡೇಟ್ ಕಮಾಂಡ್ ಕೊಡುವ ತನಕ ಬ್ಯಾಚ್ ಫೈಲಿನ ಕಡೆ ತಿರುಗಿಯೂ ನೋಡಲ್ಲ. ಆ ಗಡಿಬಿಡಿಯಲ್ಲಿ ಇದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಅದರ ಜೊತೆಗೇ ಬರುವ ಮ್ಯಾನೇಜರ್ ಕಿಟಕಿ ತೆರೆದೆ. ಸ್ಟಾರ್ಟಪ್ ಟ್ಯಾಬ್‌ನಲ್ಲಿ ಆರ್ಗ್ಯುಮೆಂಟ್ಸ್ ಅಂತ ಒಂದು ಪೆಟ್ಟಿಗೆ ಇದೆ, ಸಾಲಿಗೊಂದು ಆರ್ಗ್ಯುಮೆಂಟ್. ಡಿ ಒಂದು ಸಾಲಿನಲ್ಲಿ, ಇ ಅದರ ಕೆಳಗೆ. ನಡುವೆ ಇದ್ದ ಸೆಮಿಕೋಲನ್ ಮಾಯ! ಪ್ರೊಕ್‌ರನ್‌ಗೆ ಸೆಮಿಕೋಲನ್ನೂ ಹ್ಯಾಶ್ ಗುರುತೂ ಆರ್ಗ್ಯುಮೆಂಟ್‌ಗಳನ್ನು ಬಿಡಿಸುವ ಗುರುತುಗಳು. ಹಾಗೇ ಉಳಿಯಬೇಕು ಅಂದರೆ ಸಿಂಗಲ್ ಕೋಟ್ ಒಳಗೆ ಹಾಕಬೇಕು. ಹಾಕಿ, ಸರ್ವೀಸ್ ಅಪ್‌ಡೇಟ್ ಮಾಡಿದೆ. ಎರಡೇ ನಿಮಿಷ. ಲಾರಿಯ ಬಿಲ್ ಹೊರಗೆ ಬಂತು.

ಈ ನಿಯಮ ಕೈಪಿಡಿಯಲ್ಲಿ ಇದೆ, ನಿಜ. ಆದರೆ ಉದ್ದನೆ ಪಟ್ಟಿಯ ಮಧ್ಯೆ ಒಂದು ಸಾಲು ಅಷ್ಟೇ. ಇಷ್ಟು ಮುಖ್ಯವಾದದ್ದನ್ನು ಮೊದಲೇ, ಉದಾಹರಣೆ ಕೊಟ್ಟು ಹೇಳಬೇಕಿತ್ತು ಅಲ್ವಾ? ನನ್ನ ದೂರು ಇದೊಂದೇ. ಸರ್ವೀಸನ್ನೇ ಕನ್ಸೋಲ್‌ನಲ್ಲಿ ಓಡಿಸಿ ನೋಡುವ ಅನುಕೂಲ ನನಗೆ ತುಂಬಾ ಇಷ್ಟ. ಅಂದು ಸಂಜೆ ಪ್ರಾಂಪ್ಟ್‌ನಲ್ಲಿ ಸುಮ್ನೆ ಜಾವಾ ಓಡಿಸುವ ಬದಲು ಹಾಗೆ ನೋಡಿದ್ದರೆ ಆ ಡ್ರೈವರ್ ಬಿಸಿಲಲ್ಲಿ ಕಾಯಬೇಕಾಗಿರಲಿಲ್ಲ.

ಪಕ್ಕದ ಮಂಡಿಯವರೂ ಇದೇ ಪ್ರೋಗ್ರಾಂ ಕೇಳಿದ್ದಾರೆ. ಅಲ್ಲಿಗೂ ಪ್ರೊಕ್‌ರನ್ನೇ ಹಾಕುತ್ತಿದ್ದೇನೆ.