ಆಷಾಢದ ಮಳೆಗೆ ಮೇಲೆದ್ದು ಬಂದ ಸೆಪ್ಟಿಕ್ ಟ್ಯಾಂಕ್

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಎರಡು ಕೋಣೆಗಳ ಸಣ್ಣ ಮನೆ ಕಟ್ಟಿಸುವಾಗ ಹೆಂಚು, ಕಿಟಕಿಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿದ ನಾವು, ಸೆಪ್ಟಿಕ್ ಟ್ಯಾಂಕಿನ ವಿಷಯವನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆವು. ಆಗ ಏಪ್ರಿಲ್ ತಿಂಗಳು. ತೋಟದ ಬಾವಿ ತಳ ಕಂಡಿತ್ತು. ಅಂಗಡಿಯವರು 2000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ತೋರಿಸಿ, ಇದು ಸೋರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಇಬ್ಬರು ಆಳುಗಳು ಹೊತ್ತು ತಂದು ಒಂದೇ ದಿನದಲ್ಲಿ ಇಳಿಸಬಹುದು ಎಂದರು. ಮೂರೂ ನಿಜವೇ. ಇಬ್ಬರು ಹೊರಬಹುದಾದದ್ದನ್ನು ನೀರೂ ಎತ್ತಬಲ್ಲದು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಮೊದಲ ಮಳೆಗಾಲ ತೊಂದರೆಯಿಲ್ಲದೆ ಕಳೆಯಿತು. ಎರಡನೆಯ ವರ್ಷ ಆಷಾಢದಲ್ಲಿ ಅಪ್ಪನ ತಿಥಿಗೆ ನೆಂಟರು ಬರುತ್ತಾರೆಂದು, ಲಾರಿ ಕರೆಸಿ ಟ್ಯಾಂಕನ್ನು ತಳದವರೆಗೆ ಖಾಲಿ ಮಾಡಿಸಿದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ನೆಲದ ಮಟ್ಟದಲ್ಲಿದ್ದ ಮುಚ್ಚಳ ಮೊಣಕಾಲೆತ್ತರಕ್ಕೆ ಬಂದಿತ್ತು. ಪಕ್ಕದಲ್ಲಿ ನೆಟ್ಟಿದ್ದ ದಾಸವಾಳದ ಗಿಡ ಬೇರುಸಮೇತ ಮನೆಯ ಕಡೆಗೆ ವಾಲಿತ್ತು. ನಾಲ್ಕಿಂಚಿನ ಪೈಪು ಬೆಂಡಿನ ಬಳಿ ಮುರಿದು ಕೊಳಕು ನೀರು ಅಂಗಳಕ್ಕೆ ಹರಿಯುತ್ತಿತ್ತು. ತಿಥಿಯ ದಿನ ನಾವು ಪಟ್ಟ ಮುಜುಗರವನ್ನು ವಿವರಿಸದಿರುವುದೇ ಲೇಸು. ಬಾವಿ ಇಳಿಜಾರಿನ ಕೆಳಗಿದ್ದುದರಿಂದ ಅದರ ನೀರು ಕುಡಿಯುವ ಧೈರ್ಯವಾಗದೆ, ಸುತ್ತ ಎಲ್ಲೆಲ್ಲೂ ನೀರು ಹರಿಯುತ್ತಿದ್ದ ಆ ಮಳೆಗಾಲವಿಡೀ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತೆವು.

ಆಮೇಲೆ ಬಂದ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಶ್ರಾವಣದಲ್ಲಿ ನಿಮ್ಮ ಬಾವಿ ನೀರು ಎಲ್ಲಿಗೆ ಬರ್ತದೆ ಮಾರಾಯ್ರೇ?" ಕೈಗೆ ಎಟುಕುವಷ್ಟು ಮೇಲಕ್ಕೆ ಬರುತ್ತದೆ. ಬಾವಿಯಲ್ಲಿ ಅಷ್ಟು ಮೇಲಿದ್ದ ನೀರು ಟ್ಯಾಂಕಿನ ಗುಂಡಿಯ ಸುತ್ತಲೂ ಹಾಗೆಯೇ ಏರಿತ್ತು. 2000 ಲೀಟರಿನ ಟ್ಯಾಂಕ್ ಪೂರ್ತಿ ನೀರಿನಲ್ಲಿ ಮುಳುಗಿದರೆ ಅದನ್ನು ಮೇಲಕ್ಕೆ ತಳ್ಳುವ ಬಲ ಸುಮಾರು ಎರಡು ಟನ್ನಿನಷ್ಟು. ಟ್ಯಾಂಕಿನ ತೂಕ ನೂರು ಕಿಲೋ ಕೂಡ ಇಲ್ಲ, ಅದರ ಮೇಲಿದ್ದ ಮಣ್ಣು ಒಂದು ಗೇಣು. ಮೊದಲ ವರ್ಷ ಅದನ್ನು ಹಿಡಿದಿಟ್ಟದ್ದು ಒಳಗಿದ್ದ ನೀರಿನ ಭಾರ, ನಾನು ದುಡ್ಡು ಕೊಟ್ಟು ತೆಗೆಸಿದ್ದೂ ಅದನ್ನೇ. ಮೇಲೆ ತೆಗೆದಾಗ ಪಕ್ಕೆಯೂ ಒಳಕ್ಕೆ ಕುಸಿದಿತ್ತು. ನಮಗೆ ಕೊಟ್ಟದ್ದು ತಾರಸಿಯ ಮೇಲಿಡುವ ನೀರಿನ ಟ್ಯಾಂಕ್. ಅದು ಒಳಗಿನ ನೀರಿನ ಒತ್ತಡವನ್ನು ತಡೆಯುತ್ತದೆಯೇ ಹೊರತು ಹೊರಗಿನ ಮಣ್ಣಿನ ಒತ್ತಡವನ್ನಲ್ಲ. ನೆಲದೊಳಗೆ ಹೂಳುವ ಟ್ಯಾಂಕಿಗೆ ದಪ್ಪ ಪಕ್ಕೆಯೂ ಏಣುಗಳೂ ಇರುತ್ತವೆ. ಅದನ್ನೂ ಕಾಂಕ್ರೀಟ್ ಬೆಡ್ಡಿಗೆ ಬಿಗಿದು, ಒಳಗೆ ನೀರು ತುಂಬಿಸುತ್ತಲೇ ಸುತ್ತ ಮಣ್ಣು ಮುಚ್ಚಬೇಕು.

ಸಿಮೆಂಟ್ ರಿಂಗ್ ಇಳಿಸಿದ್ದರೆ ಅಗ್ಗವಾಗುತ್ತಿತ್ತು. ಆದರೆ ತಳ ತೆರೆದ ರಿಂಗಿನ ಗುಂಡಿ ಸೆಪ್ಟಿಕ್ ಟ್ಯಾಂಕೇ ಅಲ್ಲ. ಮಳೆಗಾಲದಲ್ಲಿ ಅಂತರ್ಜಲವೇ ಅದರೊಳಗೆ ನುಗ್ಗಿ ಕಮೋಡಿನಲ್ಲಿ ನೀರು ಇಳಿಯದಂತಾಗುತ್ತದೆ, ಹೊಲಸು ನೇರವಾಗಿ ಬಾವಿಯ ದಾರಿ ಹಿಡಿಯುತ್ತದೆ. ಜಂಬಿಟ್ಟಿಗೆ ನೀರು ಹೀರುವ ಕಲ್ಲು, ಎರಡೂ ಬದಿಗೆ ಒಳ್ಳೆಯ ಗಾರೆಯಿಲ್ಲದಿದ್ದರೆ ಜಿನುಗುತ್ತದೆ. ಕೊನೆಗೆ ನಾವು ಬೆಡ್, ಗೋಡೆ, ಮುಚ್ಚಳ ಮೂರನ್ನೂ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲೇ ಮಾಡಿಸಿ, ನಡುವೆ ಅಡ್ಡಗೋಡೆ ಕೊಟ್ಟು, ಗಾಳಿ ಹೋಗಲು ಎತ್ತರದ ಪೈಪು ಇಟ್ಟೆವು. ಏಕೆಂದರೆ ಒಳಗಿನ ಅನಿಲ ಕಾಂಕ್ರೀಟನ್ನೂ ಮೇಲ್ಭಾಗದಲ್ಲಿ ನಿಧಾನವಾಗಿ ತಿನ್ನುತ್ತದೆ. ಘನಮೀಟರಿಗೆ ಸುಮಾರು 2400 ಕಿಲೋ ತೂಗುವ ಕಾಂಕ್ರೀಟಿನ ಈ ಭಾರವೇ ನಮಗೆ ಬೇಕಾಗಿದ್ದದ್ದು. ಟ್ಯಾಂಕಿನಿಂದ ಹೊರಬರುವ ನೀರು ಮಣ್ಣಿಗೆ ಇಳಿಯುವ ಇಂಗುಗುಂಡಿಯನ್ನು ಬಾವಿಯಿಂದ, ಸೆಪ್ಟಿಕ್ ಟ್ಯಾಂಕುಗಳ ಭಾರತೀಯ ಮಾನಕ ಐಎಸ್ 2470 ಹೇಳುವ 18 ಮೀಟರಿಗಿಂತ ಹೆಚ್ಚು ದೂರಕ್ಕೆ, ಬಾವಿಯ ಕಡೆಗೆ ಇಳಿಜಾರಿಲ್ಲದ ಧರೆಯ ಮೇಲಕ್ಕೆ ಒಯ್ದೆವು.

ಟ್ಯಾಂಕ್ ಕೊಳ್ಳುವ ಮೊದಲು ಶ್ರಾವಣದಲ್ಲೊಮ್ಮೆ ಬಾವಿಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆದುಕೊಳ್ಳಿ. ಯಾವ ಟ್ಯಾಂಕೇ ಆಗಲಿ, ಖಾಲಿ ಮಾಡಿಸುವುದಿದ್ದರೆ ಫೆಬ್ರುವರಿ, ಮಾರ್ಚಿನಲ್ಲೇ ಮಾಡಿಸಿ.