ಕೆನೆಬಣ್ಣ, ಗಾಢ ನೀಲಿ: ಮುಂಬೈ ಮುಲುಂಡ್‌ನ ನಮ್ಮ ಹಾಲ್‌ನಲ್ಲಿ ಎರಡೂ ಹೇಗಿವೆ?

ಮೂರು ಗೋಡೆಗೆ ಕೆನೆಬಣ್ಣ, ಒಂದಕ್ಕೆ ಗಾಢ ನೀಲಿ ಬಳಿಸಿ ಕೆಲವು ಮಳೆಗಾಲ ಕಳೆದಿವೆ. ಎರಡೂ ಒಂದೇ ಕಂಪನಿಯ ಅಕ್ರಿಲಿಕ್ ಎಮಲ್ಷನ್, ಎರಡೂ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಬಣ್ಣ ಆರಿಸುವ ಮೊದಲು ಗೋಡೆ ಆರಿಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀಲಿ ಇರುವುದು ಟಿವಿ ಗೋಡೆಗೆ. ಅದರಾಚೆ ನಮ್ಮದೇ ಬೆಡ್‌ರೂಮ್, ಮಳೆನೀರು ತಾಗುವುದಿಲ್ಲ. ರಾತ್ರಿ ಟಿವಿ ನೋಡುವಾಗ ಹಿಂದಿನ ಗೋಡೆ ಕಣ್ಣಿಗೆ ಹೊಡೆಯುವುದಿಲ್ಲ, ನನಗಂತೂ ತುಂಬಾ ಇಷ್ಟ. ಬಿಳಿ ಟ್ಯೂಬ್‌ಲೈಟ್‌ನಲ್ಲಿ ನೀಲಿ ನೀಲಿಯಾಗಿಯೇ ಕಾಣುತ್ತದೆ. ಹಳದಿ ದೀಪ ಹಾಕಿದರೆ ಕಪ್ಪಗಾಗಿ ಸ್ವಲ್ಪ ಹಸಿರಿಗೆ ತಿರುಗುತ್ತದೆ. ಅದಕ್ಕೇ ಅಂಗಡಿಯ ಶೇಡ್ ಕಾರ್ಡ್ ಸಾಲದು, ಮನೆ ಗೋಡೆಗೆ ಎರಡಡಿ ಬಳಿಸಿ ಹಗಲು ರಾತ್ರಿ ನೋಡಲೇಬೇಕು.

ಕಷ್ಟವೂ ನೀಲಿಯದ್ದೇ ಜಾಸ್ತಿ. ಊಟದ ಕುರ್ಚಿ ತಗುಲಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿ ಗೀರು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಗೀರು ಹೋಗಿ ಹೊಳಪಿನ ಕಲೆ ಉಳಿಯುತ್ತದೆ. ಉಳಿದಿದ್ದ ಪೇಂಟ್‌ನಿಂದಲೇ ಟಚಪ್ ಮಾಡಿದೆವು. ಎದುರಿಂದ ಗೊತ್ತಾಗುವುದಿಲ್ಲ, ಪಕ್ಕಕ್ಕೆ ನಿಂತರೆ ಪ್ಯಾಚ್ ಎದ್ದು ಕಾಣುತ್ತದೆ.

ಕೆನೆಬಣ್ಣ ಕಿಟಕಿ ಗೋಡೆಗೂ ಇದೆ, ಅದು ಹೊರಗೋಡೆ. ಜುಲೈ ಬಂತೆಂದರೆ ಕಿಟಕಿ ಕೆಳಗೆ ತೇವ ಏರಿ ಉಪ್ಪು ಬಿಡುತ್ತದೆ. ಮುಂಬೈ ಮಳೆ ಗೊತ್ತಲ್ವಾ! ಆದರೂ ತಿಳಿ ಬಣ್ಣದ ಮೇಲೆ ಬಿಳಿ ಉಪ್ಪು ಅಷ್ಟಾಗಿ ಕಾಣುವುದಿಲ್ಲ. ಕೆಳಗಿನ ಮನೆಯವರು ಅದೇ ಗೋಡೆಗೆ ಕಡುಹಸಿರು ಹೊಡೆಸಿದ್ದಾರೆ, ಅಲ್ಲಿ ಬಾಗಿಲಿಂದಲೇ ಕಣ್ಣಿಗೆ ಬೀಳುತ್ತದೆ. ಯಾವ ಬಣ್ಣವೂ ತೇವ ನಿಲ್ಲಿಸುವುದಿಲ್ಲ, ಮೊದಲು ಹೊರಗಿನ ಬಿರುಕು ಮುಚ್ಚಿಸಿ.

ನಮ್ಮ ಕಿಟಕಿಯೆದುರೇ ಇನ್ನೊಂದು ಕಟ್ಟಡ. ಕೆನೆಬಣ್ಣ ಇಲ್ಲದಿದ್ದರೆ ಹಗಲಲ್ಲೂ ಲೈಟ್ ಬೇಕಾಗುತ್ತಿತ್ತು. ಬಣ್ಣ ಎಷ್ಟು ಬೆಳಕು ತಿರುಗಿಸುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಎಂಬ 0ರಿಂದ 100ರ ಅಳತೆ ಇದೆ. ಅಂಗಡಿಯಲ್ಲಿ ಕೇಳಿ. ಗಾಢ ನೀಲಿಗಳು ಸಾಮಾನ್ಯವಾಗಿ 10ರ ಆಸುಪಾಸು, ತಿಳಿ ಕೆನೆ 70ಕ್ಕೂ ಮೇಲೆ.

ದೇವರ ದೀಪದ ಮೇಲಿನ ಗೋಡೆಗೆ ಮಸಿ ಹಿಡಿಯುವುದು ಕೆನೆಬಣ್ಣದ ತೊಂದರೆ. ಸೋಪಿನ ನೀರಲ್ಲಿ ಮೆಲ್ಲಗೆ ಒರೆಸಿದರೆ ಸುಮಾರಾಗಿ ಹೋಗುತ್ತದೆ.

ಮುಂದಿನ ಸಲವೂ ಇದೇ ಜೋಡಿ ಹೊಡೆಸುತ್ತೇವೆ. ನೀಲಿಯನ್ನು ಮಾತ್ರ ಒರೆಸಲು ಸುಲಭವಾದ, ತುಸು ಹೊಳಪಿನ ಸ್ಯಾಟಿನ್‌ನಲ್ಲಿ.